ಇಂದು ನೀರು ನಿಲ್ಲುವುದು 3-40ಕ್ಕೆ

ಊರೆಲ್ಲ ಹೊಲಿಗೆಯಮ್ಮ ಎಂದೇ ಕರೆಯುವ ನಾನು, ವಯಸ್ಸು 63, ಉದ್ಯೋಗ ಬಟ್ಟೆ ಹೊಲಿಯುವುದು, ವಾಸ ದ್ವೀಪದ ಉತ್ತರ ದಂಡೆಯ ಕೊನೆಯ ಮನೆ, ಮನೆಗೇ ಬಂದ ಪೊಲೀಸ್ ಪೇದೆಯವರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಶ್ವಾಸಕೋಶ ಕೆಟ್ಟು ನಾಲ್ಕು ವರ್ಷವಾಯಿತು. ಕರೆಂಟಿನಿಂದ ನಡೆಯುವ ಆಕ್ಸಿಜನ್ ಯಂತ್ರದ ನಳಿಗೆ ಸದಾ ಮೂಗಿನಲ್ಲಿರುತ್ತದೆ. ಇಲ್ಲಿಯ ಕರೆಂಟು ಸಮುದ್ರದ ಉಬ್ಬರ ಇಳಿತ ತಿರುಗಿಸುವ ಟರ್ಬೈನಿನದು. ಅದನ್ನು ನೋಡಿಕೊಳ್ಳುವವರು ನನ್ನ ಯಜಮಾನರು, ವಯಸ್ಸು 66. ಉಬ್ಬರ ಮುಗಿದು ಇಳಿತ ಶುರುವಾಗುವ ನಡುವೆ ನೀರು ಅರ್ಧ ಗಂಟೆ ನಿಲ್ಲುತ್ತದೆ. ಆಗ ಅವರು ಕೈಯಿಂದ ಹಿಡಿಕೆ ತಿರುಗಿಸಿ ಬ್ಯಾಟರಿಗೆ ಬದಲಾಯಿಸುತ್ತಾರೆ. ಮದುವೆಯಾದ ದಿನವನ್ನು ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ನೆನಪಿಟ್ಟವರಲ್ಲ. ನೀರು ನಿಲ್ಲುವ ಹೊತ್ತನ್ನು ಒಂದು ದಿನವೂ ಮರೆತವರಲ್ಲ.

ದಿನಾಂಕ 4ರಂದು ಬೆಳಗ್ಗೆ 10-30ಕ್ಕೆ ಕಂಪನಿಯ ಎಂಜಿನಿಯರ್ ಬಂದು, ತಾನಾಗಿಯೇ ಬದಲಾಯಿಸುವ ಟೈಮರ್ ಕೂರಿಸಿದರು. ಯಜಮಾನರು ನೀರು ನಿಲ್ಲುವ ಹೊತ್ತು ಬರೆದಿಡುವ ಪುಸ್ತಕದಲ್ಲಿ ಹಿಂದಿನ ದಿನದ ಹೊತ್ತು ನೋಡಿ ಮಧ್ಯಾಹ್ನ 1-10ಕ್ಕೆ ಇಟ್ಟು, ಹಿಡಿಕೆಯನ್ನೂ ಪೆಟ್ಟಿಗೆಯೊಳಗೆ ಸೇರಿಸಿ ಮೊಹರು ಹಾಕಿದರು. ನೀರು ದಿನಕ್ಕೆ ಐವತ್ತು ನಿಮಿಷ ತಡವಾಗುತ್ತದೆ ಎಂದು ಯಜಮಾನರು ಹೇಳಿದ್ದಕ್ಕೆ, ಯಂತ್ರಕ್ಕೇ ಪಾಠ ಹೇಳ್ತೀರಲ್ಲ ಅಜ್ಜಾ, ಮನೆಗೆ ಹೋಗಿ ಆರಾಮಾಗಿರಿ ಎಂದು ನಕ್ಕರಂತೆ.

ಟೈಮರ್ 1-10ಕ್ಕೆ ಬ್ಯಾಟರಿ ಹಾಕಿ 1-50ಕ್ಕೆ ತೆಗೆಯಿತು. 2-00ಕ್ಕೆ ನೀರು ನಿಂತಿತು, ನನ್ನ ಯಂತ್ರವೂ ನಿಂತಿತು. ಊಟಕ್ಕೆ ಕೂತು ಗಡಿಯಾರವನ್ನೇ ನೋಡುತ್ತಿದ್ದ ಯಜಮಾನರು, ಏ ಇವಳೇ, ಮಾತಾಡ್ಬೇಡ, ಉಸಿರು ಉಳಿಸ್ಕೋ, ಈಗ ಬಂದೆ ಎಂದು ಕೈಯಲ್ಲಿದ್ದ ಚಮಚದ ಸಮೇತ ಓಡಿದರು. ಆ ನೋಯುವ ಮೊಣಕಾಲು ಇಟ್ಟುಕೊಂಡು ಓಡಿದರು! ಟರ್ಬೈನ್ ಮನೆ 300 ಮೀಟರ್ ದೂರ. ನನಗೆ ಕಣ್ಣು ಕತ್ತಲಿಟ್ಟಿತು. 2-06ಕ್ಕೆ ಕರೆಂಟು ಬಂತು. ವಾಪಸು ಬಂದವರೇ, ಈಗ ಮಾತಾಡೇ, ಬೈದಾದ್ರೂ ಬೈ ಎಂದು ಅತ್ತರು. ಬೈದೆ.

ಮೊಹರು ಒಡೆದದ್ದು ಅವರೇ, ಅದೇ ಚಮಚದಿಂದ. ಸುಳ್ಳು ಹೇಳಲಾರೆ. ಸೊಟ್ಟಗಾದ ಚಮಚವನ್ನು ಹಾಜರುಪಡಿಸಿದ್ದೇನೆ.

ಎಂಜಿನಿಯರ್ ದೂರು ಬರೆದುಕೊಟ್ಟು ದೋಣಿ ಹತ್ತಿದ್ದಾರೆ. ಯಜಮಾನರನ್ನು ಇಂದು ಬೆಳಗ್ಗೆ 10-15ಕ್ಕೆ ಠಾಣೆಗೆ ಕರೆದೊಯ್ದಿದ್ದಾರೆ. ಹಿಡಿಕೆ ತಿರುಗಿಸಲು ಬಲ್ಲವರು ಬೇರೆ ಯಾರೂ ಇಲ್ಲ. ಇಂದು ನೀರು ನಿಲ್ಲುವುದು 3-40ಕ್ಕೆ. ಈಗ 3-05. ಪೇದೆಯವರ ಬರವಣಿಗೆ ಬಹಳ ನಿಧಾನ.

ನಾನು ಹೇಳಿದಷ್ಟನ್ನೇ ಬರೆದು ಓದಿ ಹೇಳಿದ್ದಾರೆ, ಎಲ್ಲವೂ ನಡೆದದ್ದೇ.

ಸ್ಥಳ: ನನ್ನ ಹೊಲಿಗೆ ಯಂತ್ರದ ಮುಂದೆ
ದಿನಾಂಕ: 6
ಸಹಿ: ಹೊಲಿಗೆಯಮ್ಮ

ಪೇದೆಯ ಷರಾ: ಠಾಣೆ ಇಲ್ಲಿಂದ ಎರಡು ಕಿ.ಮೀ. 3-07ಕ್ಕೆ ಸೈಕಲ್ ಹತ್ತಿ ಹೋಗಿ, ಆಪಾದಿತರನ್ನು ಹಿಂದೆ ಕೂರಿಸಿಕೊಂಡು ಬಂದೆನು. 3-38ಕ್ಕೆ ಬ್ಯಾಟರಿಗೆ ಬದಲಾಯಿಸಲಾಯಿತು. 3-50ಕ್ಕೆ ಸಾಕ್ಷಿದಾರರು ಆಪಾದಿತರನ್ನು ಬೈಯುತ್ತಿರುವುದು ರಸ್ತೆಯವರೆಗೂ ಕೇಳಿಸಿತು.