ಸೈಲೆನ್ಸರಿನ ಅಡಿಯ ಕೂಗು

ನಮ್ಮ ಚಿಕ್ಕಮ್ಮನ ಅಳಿಯ ಆ ರಾತ್ರಿ ಗ್ಯಾರೇಜಿನಿಂದ ನಡೆದೇ ಮನೆಗೆ ಹೊರಟಿದ್ದ. ಕಾರಿತ್ತು... ಆದರೆ ಕೆಲವು ದಿನಗಳಿಂದ ಅವನು ಅದನ್ನು ಮುಟ್ಟಿರಲಿಲ್ಲ. ಬೀದಿಯ ಕೊನೆಯಲ್ಲಿ, ಬಾವಿಯ ಪಕ್ಕದ ಬಯಲಿನಲ್ಲಿ, ಟಾರ್ಪಾಲು ಹೊದ್ದು ನಿಂತಿತ್ತು. ಮನೆಗೆ ಹೋಗಲು ಬೇರೆ ದಾರಿ ಇಲ್ಲ. ಬಾವಿ ಬಂದರೆ ಸಾಕು, ಅವನ ಹೆಜ್ಜೆ ತಾನಾಗಿ ಚುರುಕಾಗುತ್ತಿತ್ತು. ಯಾಕೆ ಅಂತ ಹೆಂಡತಿಗೂ ಹೇಳಿರಲಿಲ್ಲ.

ಅವನನ್ನು ಎಲ್ಲರೂ ಕಿವಿ ಮೇಸ್ತ್ರಿ ಅನ್ನುತ್ತಿದ್ದರು. ಕಾರುಗಳ ಹಳೇ ಸೈಲೆನ್ಸರ್ ಕಿತ್ತು, ಅಗಲದ ಪೈಪು ಹಾಕಿ, ಸದ್ದಿಗೆ ಗತ್ತು ತರುವುದು ಅವನ ಕೆಲಸ. ಎಂಜಿನ್ ಶುರು ಮಾಡಿ ಕಣ್ಣು ಮುಚ್ಚಿ ನಿಂತರೆ ಮುಗಿಯಿತು, ಯಾವ ಕ್ಲಾಂಪು ಸಡಿಲ, ಯಾವ ಜಾಯಿಂಟು ಸೋರುತ್ತಿದೆ ಎಂದು ಹೇಳಿಬಿಡುತ್ತಿದ್ದ. ಅದರ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಎದುರುಮನೆಯಲ್ಲಿ ಒಬ್ಬಳೇ ಇದ್ದ, ಅವನ ಎದೆಮಟ್ಟಕ್ಕೂ ಬಾರದ ಟೈಲರ್ ಅಕ್ಕ ಎಷ್ಟೋ ಸಲ ಕೇಳಿಕೊಂಡಿದ್ದಳು, ರಾತ್ರಿ ಹೊತ್ತು ಸದ್ದು ಮಾಡಬೇಡಪ್ಪಾ, ತಲೆ ಸಿಡಿಯುತ್ತದೆ ಅಂತ. ನಿಮ್ಮ ಹೊಲಿಗೆ ಮಿಷನ್ನಿಗಿಂತ ಇದೇ ಇಂಪು ಬಿಡಿ ಎಂದು ನಕ್ಕು ಹೋಗಿದ್ದ.

ಆಮೇಲೊಂದು ದಿನ ತನ್ನ ಕಾರಿಗೇ ಹೊಸ ಪೈಪು ಹಾಕಿದ. ಕತ್ತಲಾದ ಮೇಲೆ ಬಾವಿಯ ಪಕ್ಕ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿದ. ಗುಡುಗುಡುಗುಡು... ಭರ್ರ್ರ್... ಸೊಗಸಾಗಿತ್ತು. ಆದರೆ ಅದರ ಅಡಿಯಲ್ಲಿ ಸಣ್ಣಗೆ ಇನ್ನೊಂದು. ಈಯ್ಯ್... ಈಯ್ಯ್... ಜಾಯಿಂಟು ಸೋರುತ್ತಿದೆ ಅಂದುಕೊಂಡ. ಎಂಜಿನ್ ಆರಿಸಲಿಲ್ಲ, ಆರಿಸಿದರೆ ಸೋರಿಕೆ ಸಿಗುವುದಿಲ್ಲ. ಅಡಿಯಲ್ಲಿ ಮಲಗಿ ಕ್ಲಾಂಪು ಬಿಗಿದ. ಎದ್ದು ಮತ್ತೆ ಒತ್ತಿದ. ಇನ್ನೂ ಇತ್ತು. ಇನ್ನಷ್ಟು ಬಿಗಿದ, ಇನ್ನಷ್ಟು ಒತ್ತಿದ. ಸ್ವಲ್ಪ ಹೊತ್ತಿಗೆ ಆ ಸಣ್ಣ ಸದ್ದು ನಿಂತಿತು.

"ಈಗ ಸರಿಯಾಯ್ತು" ಅಂದ.

ಬೆಳಿಗ್ಗೆ ಟೈಲರ್ ಅಕ್ಕನ ಹೆಣ ಬಾವಿಯಲ್ಲಿ ತೇಲುತ್ತಿತ್ತು. ರಾತ್ರಿ ನೀರು ಸೇದಲು ಬಂದವಳು ಕಾಲು ಜಾರಿ ಬಿದ್ದಿದ್ದಳು. ಕಲ್ಲು ಗೀರಿ ಗೀರಿ ಉಗುರು ಕಿತ್ತುಹೋಗಿತ್ತು. ಕೂಗಿದ್ದರೆ ಯಾರಿಗಾದರೂ ಕೇಳುತ್ತಿತ್ತಲ್ಲ ಎಂದು ಜನ ಆಡಿಕೊಂಡರು. ಅವನು ಅವತ್ತೇ ಕಾರಿಗೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದ.

ಸರಿ, ಅವನು ನಡೆದು ಹೊರಟಿದ್ದ ಆ ರಾತ್ರಿಗೆ ಬರೋಣ. ಬಾವಿ ದಾಟುವಷ್ಟರಲ್ಲಿ... ಈಯ್ಯ್...

ನೀವೋ ನಾನೋ ಆಗಿದ್ದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದೆವು. ಅವನು ನಿಂತ. ನಿಜವಾಗಿ ಯಾರಾದರೂ ಬಿದ್ದಿದ್ದರೆ? ಇನ್ನೊಂದು ಸಲ ಆ ಪಾಪ ಬೇಡ ಎಂದು ಕಟ್ಟೆಯ ಮೇಲೆ ಬಗ್ಗಿದ.

"ಯಾರು?" ಪಿಸುಗುಟ್ಟಿದ.

"ಇಲ್ಲಿ... ಇಲ್ಲಿ ಸೋರ್ತಿದೆ ನೋಡಪ್ಪಾ."

ಕೈಯೂರಿದ ಕಲ್ಲು ಕಿತ್ತು ಬಂತು. ದುಡುಂ. ಅವನು ಆರಡಿ ಎತ್ತರದವನಾದ್ದರಿಂದ ನೀರು ಕುತ್ತಿಗೆಗೆ ನಿಂತಿತು. ಕೈಗೆ ಹಿಡಿತ ಸಿಗಲಿಲ್ಲ, ಬರೀ ಪಾಚಿ. ಗಂಟಲು ಹರಿಯುವ ಹಾಗೆ ಕೂಗಿದ.

ಆಗ ಮೇಲೆ... ಟಕ್. ಕಾರಿನ ಬಾಗಿಲು. ಕಿರ್ ಕಿರ್ ಕಿರ್... ಭರ್ರ್ರ್.

ಅವನದೇ ಕಾರು. ಅವನು ಮಾಡಿದ ಸದ್ದು ಅವನಿಗೆ ತಿಳಿಯದೆ? ಕೀ ಮಾತ್ರ ಅವನ ಜೇಬಿನಲ್ಲೇ ಇತ್ತು. ಅವನು ಕೂಗಿದಾಗಲೆಲ್ಲ ಮೇಲೆ ಸದ್ದು ಏರುತ್ತಿತ್ತು. ಸುಮ್ಮನಾದರೆ ಅದೂ ಇಳಿಯುತ್ತಿತ್ತು. ಒತ್ತು... ಬಿಡು... ಒತ್ತು... ಬಿಡು... ಹೊಲಿಗೆ ಮಿಷನ್ ತುಳಿದ ಹಾಗೆ. ಬೀದಿಯವರು ಶಾಪ ಹಾಕಿ ಕಿಟಕಿ ಮುಚ್ಚಿಕೊಂಡರು. ಮತ್ತೆ ಶುರುವಾಯಿತಲ್ಲ ಇವರ ಹುಚ್ಚು ಎಂದು ಹೆಂಡತಿ ಕಿವಿಗೆ ದಿಂಬು ಒತ್ತಿಕೊಂಡು ಮಲಗಿದಳು.

"ತಪ್ಪಾಯ್ತು ಅಕ್ಕಾ... ಗೊತ್ತಾಗ್ಲಿಲ್ಲ..."

ಭರ್ರ್ರ್ರ್ರ್. ಅವನ ಮಾತು ಅವನಿಗೇ ಕೇಳಿಸಲಿಲ್ಲ.

ಬೆಳಕು ಹರಿದ ಮೇಲೆ ನೀರಿಗೆ ಬಂದವರು ಮೇಲೆತ್ತಿದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಇಷ್ಟನ್ನೂ ಅವನು ನನ್ನ ಕಿವಿಗೆ ಬಾಯಿ ಹಚ್ಚಿ, ಬರೀ ಉಸಿರಿನಲ್ಲಿ ಹೇಳಿದ್ದು.

ಕಟ್ಟುಕತೆ ಅನ್ನುವವರು ಅನ್ನಲಿ. ಅವತ್ತು ಆ ಟಾರ್ಪಾಲು ಬಿಚ್ಚಿದವನು ನಾನೇ. ಹಗ್ಗದ ಗಂಟುಗಳು ಕಟ್ಟಿದ ಹಾಗೇ ಇದ್ದವು. ಬಾಗಿಲಿಗೆ ಬೀಗ ಬಿದ್ದಿತ್ತು. ಕೀ ಹಾಕಿ ತೆಗೆದು ನೋಡಿದೆ... ಒಳಗೆ ಯಾರೂ ಇಲ್ಲ. ಡ್ರೈವರ್ ಸೀಟು ಮಾತ್ರ ಸ್ಟೀರಿಂಗಿಗೆ ತಾಗುವಷ್ಟು ಮುಂದಕ್ಕೆ ಸರಿದಿತ್ತು.