ಟೌನ್‌ಹೌಸಿನ ಗೋಡೆ

ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ, ವಾರದಿಂದ ಕಫ ಕಟ್ಟಿದ್ದ ದರ್ಜಿ ಸರದಿ ಕಾಯುತ್ತಿದ್ದ. ಪಕ್ಕದಲ್ಲಿ ಕೂತ ಅಕ್ಕ ತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಟೌನ್‌ಹೌಸ್ ಅಂದ್ರೆ ಏನೇ? ಅಪಾರ್ಟ್‌ಮೆಂಟಾ?”

“ಅಲ್ಲಕ್ಕ. ಸಾಲಾಗಿ ಅಂಟಿಕೊಂಡಿರೋ ಮಹಡಿ ಮನೆಗಳು. ನಮ್ಮದೇ ಬಾಗಿಲು, ನಮ್ಮದೇ ಮೆಟ್ಟಿಲು, ತಲೆ ಮೇಲೆ ಯಾರೂ ಇಲ್ಲ.”

“ಮತ್ಯಾಕೆ ಮುಖ ಸಿಂಡರಿಸ್ತೀಯ?”

“ಗೋಡೆ ಮಾತ್ರ ಪಕ್ಕದವರಿಗೂ ನಮಗೂ ಒಂದೇ. ಆ ಕಡೆ ಮನೆ ಮುದುಕ ಬೆಳಗಾದ್ರೆ ಸಾಕು, ಅರ್ಧ ಗಂಟೆ ಕ್ಯಾಕರಿಸ್ತಾನೆ. ನನ್ನ ದಿಂಬಿನ ಮೇಲೇ ಉಗಿದ ಹಾಗಾಗತ್ತೆ.”

“ಥೂ, ಅಸಹ್ಯ! ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳ್ಬಾರ್ದಾ?”

“ಹೇಳೋಕೇ ಹೋಗಿದ್ದೆ. ನಾನು ಬಾಯಿ ತೆರೆಯೋ ಮೊದಲೇ ಅವನ ಹೆಂಡತಿ ಕೇಳಿದ್ಲು, ‘ನಿಮ್ಮ ಯಜಮಾನ್ರಿಗೆ ಈಗ ಸಲೀಸಾಗಿ ಹೋಗ್ತಿದೆಯಾ? ಬೆಳಗ್ಗೆ ಟಾಯ್ಲೆಟ್ಟಲ್ಲಿ ತುಂಬಾ ತಿಣುಕ್ತಾರೆ, ಪಾಪ’ ಅಂತ.”

ಅಷ್ಟರಲ್ಲಿ ನರ್ಸ್ ಕೂಗಿದಳು. ಇಬ್ಬರೂ ಎದ್ದು ಒಳಗೆ ಹೋದರು.

ಅಷ್ಟು ಹೊತ್ತು ಗಂಟಲಲ್ಲೇ ತಡೆದುಕೊಂಡಿದ್ದ ಕಫವನ್ನು ಉಗಿಯಲು ದರ್ಜಿಗೆ ಧೈರ್ಯ ಸಾಲಲಿಲ್ಲ. ಎದುರಿನ ಗೋಡೆಯನ್ನೊಮ್ಮೆ ನೋಡಿ, ಕಣ್ಣು ಮುಚ್ಚಿ ನುಂಗಿಬಿಟ್ಟ.