ಲೆಕ್ಕಕ್ಕೆ ಸೇರದ ಹನ್ನೊಂದು ಸುತ್ತು

ಓಣಿಯಲ್ಲಿ ಎಲ್ಲರೂ ಕುರ್ಚಿಯಣ್ಣ ಎಂದು ಕರೆಯುವ ನಾನು, ವಯಸ್ಸು 47, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ಕಸುಬು ಬೆತ್ತದ ಕುರ್ಚಿ ಹೆಣೆಯುವುದು, ವಾಸ ಬೇಕರಿಯ ಹಿಂದಿನ ಓಣಿಯ ಮೂರನೇ ಮನೆ, ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ, ಸೋಮವಾರ ಆಸ್ಪತ್ರೆಯಲ್ಲಿ ನಾನು ಕೊಟ್ಟ ಹೇಳಿಕೆಯಲ್ಲಿ ಒಂದು ಸಂಖ್ಯೆ ತಪ್ಪಾಗಿದೆ. ಅದರಿಂದಾಗಿ, ಕೆಂಪು ದೀಪ ದಾಟಿದ್ದು ನನ್ನ ಹೆಂಡತಿಯೇ ಎಂದು ಬರೆಯಲಾಗಿದೆ. ಅವಳು ಈಗ ಇಲ್ಲ. ತಪ್ಪು ನನ್ನದು.

ಎಂಟು ವರ್ಷಗಳಿಂದ ಅವಳು ದಿನಾ ಬೆಳಿಗ್ಗೆ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅಂಗಡಿಗೆ ಬಿಡುತ್ತಿದ್ದಳು. ಎಲ್ಲಿದ್ದೇವೆಂದು ದಾರಿಯುದ್ದಕ್ಕೂ ಕೇಳಿ ನಾನು ಅವಳ ತಲೆ ತಿನ್ನುತ್ತಿದ್ದುದರಿಂದ, ಹಿಂದಿನ ಚಕ್ರದ ಒಂದು ಕಡ್ಡಿಗೆ ಕ್ಲಿಪ್ಪು ಸಿಕ್ಕಿಸಿದಳು. ಚಕ್ರ ಒಂದು ಸುತ್ತು ತಿರುಗಿದರೆ ಅದು ಫ್ರೇಮಿಗೆ ಕಟ್ಟಿದ ರಟ್ಟಿನ ತುಂಡಿಗೆ ತಗಲಿ ಒಮ್ಮೆ ಟಕ್ ಎನ್ನುತ್ತದೆ. ಚಕ್ರದ ಅಡ್ಡಳತೆ 66 ಸೆಂಟಿಮೀಟರು. ಅದರ ಮೂರು ಪಟ್ಟಿಗಿಂತ ತುಸು ಹೆಚ್ಚು, ಅಂದರೆ ಸುತ್ತಿಗೆ 2 ಮೀಟರು 7 ಸೆಂಟಿಮೀಟರು ಎಂದು ನಾನು ಲೆಕ್ಕ ಹಾಕಿದ್ದೆ. ಅವಳು ಒಪ್ಪಲಿಲ್ಲ. "ನಿಮ್ಮ ಹೊಟ್ಟೆ ಭಾರಕ್ಕೆ ಟೈರು ಚಪ್ಪಟೆ ಆಗತ್ತಲ್ಲ, ಅದನ್ನ ಯಾರು ಲೆಕ್ಕಕ್ಕೆ ಹಿಡೀತಾರೆ?" ಎಂದು ನಕ್ಕಳು. ಇಬ್ಬರೂ ಸೈಕಲ್ ಮೇಲೆ ಕೂತು, ರಿಪೇರಿಯವನಿಂದ ನೆಲಕ್ಕೆ ಸೀಮೆಸುಣ್ಣದ ಗೆರೆ ಹಾಕಿಸಿ ಅಳೆದಾಗ 2 ಮೀಟರು 5 ಸೆಂಟಿಮೀಟರು ಬಂತು.

ಸೋಮವಾರ 8 ಗಂಟೆ 40 ನಿಮಿಷಕ್ಕೆ ಮನೆಯ ಗೇಟು ಬಿಟ್ಟೆವು. 640ನೇ ಟಕ್ ಆದ ಮೇಲೆ ಸೈಕಲ್ ನಿಂತಿತು. "ಕೆಂಪು ದೀಪ, ಇಳೀಬೇಡಿ" ಎಂದಳು. ಅವಳ ಚಪ್ಪಲಿ ನೆಲಕ್ಕೂರಿದ ಸದ್ದು ಕೇಳಿದೆ. ಎಡಗಡೆಯಿಂದ ವ್ಯಾನು ತಿರುವನ್ನು ಒತ್ತಿಕೊಂಡು ಬಂದು ಮುಂದಿನ ಚಕ್ರಕ್ಕೆ ಹೊಡೆಯಿತು. ಇಬ್ಬರೂ ಬಿದ್ದೆವು.

ಬಿದ್ದ ಮೇಲೂ ಟಕ್ ಟಕ್ ಕೇಳಿಸುತ್ತಿತ್ತು. ನಾನು ಎಣಿಸುವುದನ್ನು ಬಿಡಲಿಲ್ಲ. ಟಕ್ ಎನ್ನುವಷ್ಟು ಹೊತ್ತು ಅವಳು ತುಳಿಯುತ್ತಿದ್ದಾಳೆ ಎಂಬುದು ನನ್ನ ಎಂಟು ವರ್ಷದ ರೂಢಿ. ಹನ್ನೊಂದಕ್ಕೆ ನಿಂತಿತು. ದಿನಾ ಅಂಗಡಿ ಮುಂದೆ ಸೈಕಲ್ ನಿಂತ ಕೂಡಲೇ ಅವಳು "ಎಷ್ಟಾಯ್ತು?" ಎಂದು ಕೇಳುತ್ತಿದ್ದಳು. ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ.

ಪೊಲೀಸರು ಬರುವಷ್ಟರಲ್ಲಿ ಜನ ಸೈಕಲ್ಲನ್ನು ಪಕ್ಕಕ್ಕೆ ಎತ್ತಿಟ್ಟಿದ್ದರಂತೆ. ಹಾಗಾಗಿ ಎಷ್ಟು ದೂರ ಬಂದಿದ್ದಿರೆಂದು ಆಸ್ಪತ್ರೆಯಲ್ಲಿ ನನ್ನನ್ನು ಕೇಳಿದರು. ಅವಳು ಹೋದಳೆಂದು ನರ್ಸು ಆಗಷ್ಟೇ ಹೇಳಿದ್ದರು. 651 ಎಂದುಬಿಟ್ಟೆ. 651 ಸುತ್ತಿಗೆ 1,334 ಮೀಟರು. ಗೇಟಿನಿಂದ ದೀಪದ ಗೆರೆಯವರೆಗೆ ನೀವು ಅಳೆದದ್ದು 1,314. ಅಂದರೆ ಗೆರೆ ದಾಟಿ 20 ಮೀಟರು, ನಾಲ್ಕು ರಸ್ತೆಗಳ ನಟ್ಟನಡುವೆ. ವ್ಯಾನಿನ ಚಾಲಕನೂ ಅದನ್ನೇ ಹೇಳಿದ್ದಾನೆ.

ಆದರೆ ಕೊನೆಯ ಹನ್ನೊಂದು ಸುತ್ತು, ಬಿದ್ದ ಸೈಕಲ್ಲಿನ ಚಕ್ರ ಹೊಡೆತದ ರಭಸಕ್ಕೆ ಗಾಳಿಯಲ್ಲಿ ತಿರುಗಿದ್ದು. ಅವನ್ನು ಕಳೆಯಬೇಕು. ನನ್ನ ಹಳೆಯ 2 ಮೀಟರು 7 ಸೆಂಟಿಮೀಟರು ಹಿಡಿದರೆ 640 ಸುತ್ತಿಗೂ ಗೆರೆ ದಾಟುತ್ತದೆ. ಅವಳ ಅಳತೆಯನ್ನೇ ಹಿಡಿಯಬೇಕೆಂದು ಕೋರುತ್ತೇನೆ. ಆಗ 1,312 ಮೀಟರು. ನನ್ನ ಹೆಂಡತಿ ಗೆರೆಗೆ 2 ಮೀಟರು ಹಿಂದೆ ಕಾಲೂರಿ ನಿಂತಿದ್ದಳು. ಆ ಹನ್ನೊಂದು ಸುತ್ತಿನಲ್ಲಿ ನಾವು ಎಲ್ಲಿಗೂ ಹೋಗಲಿಲ್ಲ.

ಮೇಲೆ ಬರೆದದ್ದನ್ನು ಕಾನ್ಸ್‌ಟೇಬಲ್ ನನಗೆ ಎರಡು ಸಲ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಇಷ್ಟು ದಿನ ಯಾವ ಕಾಗದವನ್ನಾದರೂ ಓದಿ ಹೇಳಿ, ನನ್ನ ಬೆರಳನ್ನು ಸರಿಯಾದ ಜಾಗಕ್ಕೆ ತಂದಿಡುತ್ತಿದ್ದವಳು ಅವಳು. ಇಂದು ಕಾನ್ಸ್‌ಟೇಬಲ್ ಇಟ್ಟಿದ್ದಾರೆ.

ಸ್ಥಳ: ಸಂಚಾರ ಪೊಲೀಸ್ ಠಾಣೆ
ದಿನಾಂಕ: 14, ಗುರುವಾರ
ಎಡಗೈ ಹೆಬ್ಬೆಟ್ಟಿನ ಗುರುತು